ಇಸ್ಪೀಟೆಲೆ ನಮ್ಮ ಮನೆಗೆ ಬಂದ ಕಥೆ

ಸಾನಮಾವಿನಲ್ಲಿ ರಾಗಿ ತೆನೆ ಬಲಿಯುವ ಕಾಲ ಬಂತೆಂದರೆ ಸಂಜೆಯಾಗುತ್ತಲೇ ಊರೆಲ್ಲ ಮನೆ ಸೇರುತ್ತದೆ. ಜವಳಗಿರಿ ಕಡೆಯ ಕಾಡುಗಳಿಂದ ಬಂದ ಆನೆಗಳು ನಮ್ಮ ಸಾನಮಾವು ಕಾಡಿನಲ್ಲಿ ಬೀಡುಬಿಟ್ಟು, ಕತ್ತಲಾದ ಮೇಲೆ ಹೊಲಗಳಿಗೆ ಇಳಿಯುತ್ತವೆ. ಮಕ್ಕಳು ಆಡಲು ಹೊರಗೆ ಹೋಗುವಂತಿಲ್ಲ. ಅಂಥ ಒಂದು ಸಂಜೆ ಒಂಬತ್ತನೆಯ ತರಗತಿ ಓದುವ ನಮ್ಮ ಮಗ ಮೂಲೆಯಲ್ಲಿ ಕುಳಿತು, ಮೊಬೈಲನ್ನು ಡಬ್ಬಕ್ಕೆ ಒರಗಿಸಿಕೊಂಡು, ತೊಡೆಯ ಮೇಲೆ ದುಪ್ಪಟಿ ಹರವಿ ಅದರಡಿಯಲ್ಲಿ ಏನನ್ನೋ ಮಾಡುತ್ತಿದ್ದ. ದುಪ್ಪಟಿ ಸರಿಸಿ ನೋಡಿದರೆ ಒಂದು ಕಟ್ಟು ಇಸ್ಪೀಟೆಲೆ!

ನಮ್ಮ ಎದೆ ಧಸಕ್ಕೆಂದಿತು. ಅದಕ್ಕೆ ಕಾರಣವಿತ್ತು. ಇವನ ತಾತ ವಯಸ್ಸಿನಲ್ಲಿದ್ದಾಗ ಒಂದು ದನಗಳ ಜಾತ್ರೆಯಲ್ಲಿ ಎತ್ತಿನ ಜೋಡಿ ಮಾರಿ, ಆ ದುಡ್ಡನ್ನು ಅಲ್ಲೇ ಮೂರೆಲೆ ಆಟಕ್ಕೆ ಕಟ್ಟಿ ಸೋತು ಬರಿಗೈಯಲ್ಲಿ ಮನೆಗೆ ಬಂದಿದ್ದರು. ಆ ವರ್ಷ ಹೊಲ ಉಳಲು ಎತ್ತಿರಲಿಲ್ಲ. ಅಂದಿನಿಂದ ಅಜ್ಜಿ ನಮ್ಮ ಮನೆಗೆ ಇಸ್ಪೀಟೆಲೆ ಕಾಲಿಡಲು ಬಿಟ್ಟಿಲ್ಲ. ಮದುವೆ ಮನೆಯಲ್ಲಿ ಗಂಡಸರು ಎಲೆ ಹಾಕಿಕೊಂಡು ಕುಳಿತರೂ ಅಜ್ಜಿ ಎದ್ದು ಬಂದುಬಿಡುತ್ತಿದ್ದರು.

“ಇದು ಜೂಜಲ್ಲಮ್ಮ, ಜಾದೂ. ಒಂದು ಎಲೆ ತಗೋ,” ಎಂದ ಮಗ. ತೆಗೆದದ್ದು ಆಟೀನ್ ಏಳು. ಅದನ್ನು ನಾವೇ ಕಟ್ಟಿನ ನಡುವೆ ತೂರಿಸಿದೆವು. ಅವನು ಕಟ್ಟಿನ ಮೇಲೊಮ್ಮೆ ಬೆರಳಿನಿಂದ ತಟ್ಟಿ ಮೇಲಿನ ಎಲೆ ತಿರುಗಿಸಿದ. ಆಟೀನ್ ಏಳು! ಸಿಟ್ಟಿನ ನಡುವೆಯೂ ನಮಗೆ ನಗು ಬಂತು. ಎಲ್ಲಿ ಕಲಿತೆ ಎಂದರೆ ಮೊಬೈಲ್ ತೋರಿಸಿದ.

ಎಲೆ ಕಿತ್ತು ಒಲೆಗೆ ಹಾಕುವುದು ಸುಲಭವಿತ್ತು. ಆದರೆ ಬೈದು ಕಸಿದುಕೊಂಡದ್ದನ್ನು ಮಕ್ಕಳು ಬೇರೆಲ್ಲೋ ಹೋಗಿ ಮಾಡುತ್ತಾರೆ. ಆದ್ದರಿಂದ ನಾವಿಬ್ಬರೂ ಬೇರೆಯೇ ತೀರ್ಮಾನ ಮಾಡಿದೆವು: ಅವನು ಏನು ನೋಡುತ್ತಾನೋ ಅದನ್ನು ನಾವೂ ಪಕ್ಕದಲ್ಲಿ ಕುಳಿತು ನೋಡೋಣ, ಅವನು ಕಲಿಯುವುದನ್ನು ನಾವೂ ಕಲಿಯೋಣ.

ಪುಸ್ತಕದಿಂದ ಪರದೆಗೆ

ಎಲೆಯಾಟ ನಮ್ಮ ನಾಡಿಗೆ ಹೊಸತೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳ ಹೊಸ ಹೊಸ ಆಟಗಳನ್ನೇ ರೂಪಿಸಿದ್ದರು. ಆದರೆ ಎಲೆಯ ಕೈಚಳಕ ಬಹುಕಾಲ ಗುರುವಿನಿಂದ ಶಿಷ್ಯನಿಗೆ ಗುಟ್ಟಾಗಿ ಹೋಗುತ್ತಿದ್ದ ವಿದ್ಯೆ. 1902ರಲ್ಲಿ ಅಮೆರಿಕದ ಷಿಕಾಗೋದಲ್ಲಿ ‘ದಿ ಎಕ್ಸ್‌ಪರ್ಟ್ ಅಟ್ ದಿ ಕಾರ್ಡ್ ಟೇಬಲ್’ ಎಂಬ ಪುಸ್ತಕ ಹೊರಬಂತು. ಎಸ್. ಡಬ್ಲ್ಯು. ಅರ್ಡ್‌ನೇಸ್ ಎಂಬುದು ಅದನ್ನು ಬರೆದವನ ಗುಪ್ತನಾಮ. ಜೂಜುಕೋರರ ಕೈಚಳಕವನ್ನೂ ಜಾದೂಗಾರರ ಕೈಚಳಕವನ್ನೂ ಚಿತ್ರಸಹಿತ ವಿವರಿಸಿದ ಪುಸ್ತಕ ಅದು. ಕೆನಡಾದ ಡೈ ವರ್ನನ್ (1894–1992) ಹುಡುಗನಾಗಿದ್ದಾಗಲೇ ಅದನ್ನು ಅರೆದು ಕುಡಿದು, ಮುಂದೆ ಜಾದೂಗಾರರೇ ‘ಪ್ರೊಫೆಸರ್’ ಎಂದು ಕರೆಯುವಷ್ಟು ದೊಡ್ಡವರಾದರು.

ಆಮೇಲೆ ವಿಡಿಯೊ ಕ್ಯಾಸೆಟ್ಟುಗಳು, ಸಿ.ಡಿ.ಗಳು ಬಂದವು. 2005ರಲ್ಲಿ ಯೂಟ್ಯೂಬ್ ಶುರುವಾದ ಮೇಲಂತೂ ಪಾಠ ಮನೆ ಬಾಗಿಲಿಗೇ ಬಂತು. ಮಂಗಳೂರಿನ ಕುದ್ರೋಳಿ ಗಣೇಶ್ ಅವರಂಥವರ ಜಾದೂವನ್ನು ವೇದಿಕೆಯ ಕೆಳಗೆ ಕುಳಿತು ನೋಡಿ ಬೆರಗಾಗುತ್ತಿದ್ದ ನಮಗೆ, ಕೈಬೆರಳುಗಳನ್ನು ಇಷ್ಟು ಹತ್ತಿರದಿಂದ ನೋಡುವುದೇ ಹೊಸ ಅನುಭವ.

ವಿಡಿಯೊ ಕಲಿಸುವುದು, ಕಲಿಸದಿರುವುದು

ಮಗ ನೋಡುತ್ತಿದ್ದ ಪಾಠಗಳು ಇಂಗ್ಲಿಷಿನಲ್ಲಿದ್ದವು. ಅವನ ಶಾಲೆ ತಮಿಳಿನದು, ಮನೆಮಾತು ಕನ್ನಡ. ಆದರೆ ಬೆರಳಿಗೆ ಭಾಷೆಯ ಹಂಗಿಲ್ಲ. ಅರ್ಥವಾಗದ ಕಡೆ ವೇಗವನ್ನು ಕಾಲುಭಾಗಕ್ಕೆ ಇಳಿಸಿ ನೋಡಿದೆವು, ನಿಲ್ಲಿಸಿ ನೋಡಿದೆವು, ಹಿಂದಕ್ಕೆ ಹೋಗಿ ಮತ್ತೆ ನೋಡಿದೆವು. ಪುಸ್ತಕಕ್ಕಿಲ್ಲದ ಅನುಕೂಲ ಇದು.

ತೊಡಕುಗಳೂ ಇದ್ದವು. ಕಲಿಸುವವನು ನಮಗೆ ಎದುರಾಗಿ ಕುಳಿತಿದ್ದರೆ ಅವನ ಬಲ ನಮಗೆ ಎಡವಾಗಿ ಕಾಣುತ್ತದೆ. ವಾರಗಟ್ಟಲೆ ತಪ್ಪು ಕೈಯಲ್ಲಿ ಹಿಡಿದು ಕಷ್ಟಪಟ್ಟೆವು. ಭುಜದ ಹಿಂದಿನಿಂದ ಚಿತ್ರಿಸಿದ ಪಾಠಗಳು ಸಿಕ್ಕ ಮೇಲೆ ದಾರಿ ಸುಲಭವಾಯಿತು. ಎರಡೆಲೆಗಳನ್ನು ಒಂದೇ ಎಲೆಯಂತೆ ತಿರುಗಿಸುವ ಒಂದು ಚಳಕವಿದೆ. ನೋಡಲು ಎರಡು ಕ್ಷಣದ ಕೆಲಸ. ಮಗನಿಗೆ ಅದು ಕೂಡಿಬರಲು ಒಂದು ತಿಂಗಳು ಬೇಕಾಯಿತು. ಮಣ್ಣು ಕೆಲಸದಲ್ಲಿ ಒರಟಾದ ನಮ್ಮ ಬೆರಳಿಗೆ ಇನ್ನೂ ಸರಿಯಾಗಿ ಬಂದಿಲ್ಲ.

ಆದರೆ ದೊಡ್ಡ ಕೊರತೆ ಬೇರೆಯದು. ಮಗ ಕನ್ನಡಿಯ ಮುಂದೆ ಸೊಗಸಾಗಿ ಮಾಡುತ್ತಿದ್ದುದನ್ನು ನೆಂಟರ ಮುಂದೆ ಮಾಡಲು ಹೋಗಿ ಸಿಕ್ಕಿಬೀಳುತ್ತಿದ್ದ. ಅವನ ಕಣ್ಣು ಸದಾ ತನ್ನ ಕೈಯ ಮೇಲೆಯೇ ಇರುತ್ತಿತ್ತು. ಅವನು ಎಲ್ಲಿ ನೋಡುತ್ತಾನೋ ನೆಂಟರೂ ಅಲ್ಲೇ ನೋಡುತ್ತಿದ್ದರು. ಎದುರಿಗಿರುವವರ ಮುಖ ನೋಡಿ, “ಊಟ ಆಯ್ತಾ ಮಾವ?” ಎಂದು ಕೇಳಿದರೆ ಅವರೂ ತಲೆಯೆತ್ತಿ ಮುಖ ನೋಡುತ್ತಾರೆ. ಕೈ ತನ್ನ ಕೆಲಸ ಮಾಡಬೇಕಾದದ್ದು ಆಗ. ಇದನ್ನು ಪರದೆ ಹೇಳಬಲ್ಲದು, ಆದರೆ ಅಭ್ಯಾಸ ಮಾಡಿಸಲಾರದು. ಪರದೆ ನಮ್ಮ ಮಾತಿಗೆ ತಲೆಯೆತ್ತುವುದಿಲ್ಲ. ಮನುಷ್ಯರೇ ಬೇಕು. ದುಪ್ಪಟಿಯಡಿಯಲ್ಲಿ ಒಬ್ಬನೇ ಕಲಿತ ಹುಡುಗ ಹೀಗೆ ಮತ್ತೆ ನಮ್ಮ ನಡುವೆ ಬಂದು ಕುಳಿತ. ಇದಕ್ಕಾಗಿಯಾದರೂ ನಾವು ಆ ಎಲೆಗಳಿಗೆ ಋಣಿಗಳು.

ಧೈರ್ಯ ಕುಂದಿದಾಗ ಅವನಿಗೆ ಅರ್ಜೆಂಟೀನಾದ ರೆನೆ ಲವಾಂಡ್ (1928–2015) ಅವರ ವಿಡಿಯೊ ತೋರಿಸುತ್ತಿದ್ದೆವು. ಒಂಬತ್ತನೆಯ ವಯಸ್ಸಿನಲ್ಲಿ ಅಪಘಾತದಲ್ಲಿ ಬಲಗೈ ಕಳೆದುಕೊಂಡವರು ಅವರು. ಪುಸ್ತಕಗಳಲ್ಲಿದ್ದ ವಿದ್ಯೆಯೆಲ್ಲ ಎರಡು ಕೈಯವರಿಗಾಗಿ ಬರೆದದ್ದು. ಹೀಗಾಗಿ ಎಡಗೈ ಒಂದಕ್ಕೇ ಹೊಂದುವಂತೆ ತಮ್ಮದೇ ದಾರಿ ಕಂಡುಕೊಂಡರು. ವೇಗ ತೋರಿಸುವ ಬದಲು ನಿಧಾನವಾಗಿ, ಇನ್ನೂ ನಿಧಾನವಾಗಿ ಮಾಡಿ ಲೋಕವನ್ನು ಬೆರಗುಗೊಳಿಸಿದರು.

ಓದು ಹಾಳಾಗುತ್ತದೆ ಎಂಬ ಭಯವೂ ನಮಗಿತ್ತು. ಪರ್ಸಿ ಡಯಾಕೊನಿಸ್ ಎಂಬ ಅಮೆರಿಕದ ಹುಡುಗ 14ನೇ ವಯಸ್ಸಿನಲ್ಲಿ ಎಲೆಯ ಹುಚ್ಚು ಹಿಡಿದು ಡೈ ವರ್ನನ್ ಹಿಂದೆ ಹೊರಟವನು, ಮುಂದೆ ಗಣಿತದ ಪ್ರಾಧ್ಯಾಪಕನಾದ. ಎಲೆಗಳನ್ನು ಎರಡು ಪಾಲು ಮಾಡಿ ಒಂದರೊಳಗೊಂದು ಬೆರೆಯುವಂತೆ ಏಳು ಸಲ ಕಲಸಿದರೆ 52 ಎಲೆಯ ಕಟ್ಟು ಸಾಕಷ್ಟು ಚೆನ್ನಾಗಿ ಬೆರೆಯುತ್ತದೆ ಎಂದು 1992ರಲ್ಲಿ ಡೇವ್ ಬೇಯರ್ ಜೊತೆ ಸೇರಿ ಲೆಕ್ಕಹಾಕಿ ತೋರಿಸಿದ. ಮನೆ ಬಿಟ್ಟು ಹೋದ ಭಾಗವನ್ನು ಮಾತ್ರ ನಾವು ಮಗನಿಗೆ ಹೇಳಲಿಲ್ಲ!

ಮೂರೆಲೆಯ ಗುಟ್ಟು

ಒಂದು ರಾತ್ರಿ ಮಗ ಅಜ್ಜಿಯ ಮುಂದೆ ಬಂದು ಕುಳಿತ. ಅವನ ಕೈಯಲ್ಲಿ ಮೂರೇ ಎಲೆ. ಒಂದು ರಾಣಿ, ಎರಡು ಬೇರೆ. “ರಾಣಿ ಎಲ್ಲಿದೆ ಹೇಳಜ್ಜಿ,” ಎಂದ. ಅಜ್ಜಿ ಮುಖ ತಿರುಗಿಸಿದರು. ಅವನು ಬಿಡಲಿಲ್ಲ. “ತಾತ ಯಾಕೆ ಸೋತರು ಅಂತ ತೋರಿಸ್ತೀನಿ, ಒಂದೇ ಒಂದು ಸಲ ನೋಡು.”

ಅಜ್ಜಿ ನೋಡಿದರು. ರಾಣಿಯನ್ನು ತೋರಿಸಿ ಅವನು ಮೂರನ್ನೂ ಚಾಪೆಯ ಮೇಲೆ ಎಸೆದ. ಅಜ್ಜಿ ನಡುವಿನ ಎಲೆ ಮುಟ್ಟಿದರು. ಅಲ್ಲ. ಮತ್ತೆ ಆಡಿಸಿದ. ಮತ್ತೆ ಅಲ್ಲ. ಆಮೇಲೆ ನಿಧಾನವಾಗಿ ಬಿಡಿಸಿ ತೋರಿಸಿದ. ಒಂದೇ ಕೈಯಲ್ಲಿ ಎರಡು ಎಲೆ, ಒಂದರ ಕೆಳಗೊಂದು. ಕೆಳಗಿನದು ರಾಣಿ ಎಂದು ಎಲ್ಲರಿಗೂ ಕಾಣಿಸುತ್ತದೆ. ಎಸೆಯುವಾಗ ಕೆಳಗಿನದೇ ಮೊದಲು ಬೀಳುತ್ತದೆಂದು ಎಲ್ಲರೂ ನಂಬುತ್ತಾರೆ. ಆದರೆ ಅವನ ಬೆರಳು ಬಿಡುವುದು ಮೇಲಿನದನ್ನು. ಅಷ್ಟೇ.

ಇನ್ನೂ ಒಂದು ಬಲೆ ಇದೆ. ಆಡಿಸುವವನು ಅತ್ತ ತಿರುಗಿದಾಗ ಗುಂಪಿನಲ್ಲಿದ್ದ ಒಬ್ಬ ರಾಣಿಯ ಮೂಲೆಯನ್ನು ಸ್ವಲ್ಪ ಮಡಿಸಿ ನಮಗೆ ಕಣ್ಣು ಹೊಡೆಯುತ್ತಾನೆ. ಇನ್ನು ಸೋಲೇ ಇಲ್ಲವೆಂದು ನಾವು ಇದ್ದಬದ್ದ ದುಡ್ಡನ್ನೆಲ್ಲ ಕಟ್ಟುತ್ತೇವೆ. ಆ ಒಬ್ಬನೂ ಆಡಿಸುವವನ ಕಡೆಯವನೇ. ಎಲೆ ಎಸೆಯುವಾಗ ರಾಣಿಯ ಮಡಿಕೆ ನೇರವಾಗಿ, ಬೇರೊಂದು ಎಲೆಯ ಮೂಲೆ ಮಡಿಸಿಕೊಂಡಿರುತ್ತದೆ. ಅಕ್ಕಪಕ್ಕ ಗೆದ್ದು ಕುಣಿಯುವವರೂ ಅವರ ಕಡೆಯವರೇ.

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಹಂಗಾದ್ರೆ ಅದು ಹಣೆಬರಹ ಅಲ್ವಾ ಮಗಾ?”

“ಅಲ್ಲಜ್ಜಿ. ತಾತ ಗೆಲ್ಲೋಕೆ ಆಗ್ತಾನೇ ಇರಲಿಲ್ಲ.”

“ಕೊನೇ ತನಕ ಅವರನ್ನ ಬೈದೆ. ಮೂಲೆ ಮಡಿಸಿತ್ತು ಅಂತ ಅವರು ಹೇಳ್ತಾನೇ ಇದ್ರು, ನಾನು ನಂಬಲಿಲ್ಲ,” ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾವು ಅವತ್ತು ಕಲಿತ ಪಾಠ ಯಾವ ವಿಡಿಯೊದಲ್ಲೂ ಇರಲಿಲ್ಲ. ತಾತನದು ದುರಾಸೆಯಲ್ಲ ಎಂದು ನಾವು ಹೇಳುತ್ತಿಲ್ಲ. ಆದರೆ ಕೈಚಳಕದ ಅರಿವಿಲ್ಲದವರಿಗೆ ಮೋಸವೂ ಅದೃಷ್ಟದಂತೆಯೇ ಕಾಣುತ್ತದೆ. ಪವಾಡಗಳ ಹೆಸರಿನ ವಂಚನೆಯನ್ನು ಊರೂರಿಗೆ ಹೋಗಿ ಬಯಲು ಮಾಡುವ ಹುಲಿಕಲ್ ನಟರಾಜ್ ಅವರಂಥವರು ಮಾಡುತ್ತಿರುವುದೂ ಇದೇ ಕೆಲಸ. ಕೈಚಳಕವನ್ನು ಕೈಚಳಕವೆಂದೇ ಹೇಳಿ ತೋರಿಸಿದರೆ ಅದು ಕಲೆ, ಮುಚ್ಚಿಟ್ಟು ದುಡ್ಡು ಕಿತ್ತರೆ ಅದು ಕಳ್ಳತನ.

ಪಾಠದ ವಿಡಿಯೊಗಳ ನಡುವೆ ದುಡ್ಡಿಟ್ಟು ರಮ್ಮಿ ಆಡಿ ಎಂಬ ಜಾಹೀರಾತುಗಳೂ ಅದೇ ಮೊಬೈಲಿನಲ್ಲಿ ಬರುತ್ತಿದ್ದವು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿತು. ಅಂಥ ಜಾಹೀರಾತು ಬಂದಾಗ ಮಗ, “ಇಲ್ಲಿ ಮೂಲೆ ಮಡಿಸಿದ್ದಾರೆ,” ಎಂದು ನಗುತ್ತಿದ್ದ. ನಮಗೆ ಸಮಾಧಾನವಾದದ್ದು ಆ ಮಾತಿನಿಂದ.

ಸಂತ ಬೋಸ್ಕೊರವರ ಟಿಕೆಟ್ಟು

ಈ ವಿದ್ಯೆಗೂ ನಮಗೂ ಏನು ಸಂಬಂಧ ಎನ್ನುವ ಓದುಗರು ಸಂತ ಜಾನ್ ಬೋಸ್ಕೊರವರನ್ನು ನೆನೆಯಬೇಕು. ಇಟಲಿಯ ಬೆಕ್ಕಿ ಎಂಬ ಹಳ್ಳಿಯಲ್ಲಿ 1815ರಲ್ಲಿ ಹುಟ್ಟಿ, ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡ ಬಡ ರೈತನ ಮಗ. ಸಂತೆ ಜಾತ್ರೆಗಳಲ್ಲಿ ದೊಂಬರಾಟದವರನ್ನೂ ಜಾದೂಗಾರರನ್ನೂ ಕಣ್ಣು ಕೀಲಿಸಿ ನೋಡಿ, ಮನೆಗೆ ಬಂದು ಬಿದ್ದು ಎದ್ದು ಅಭ್ಯಾಸ ಮಾಡುತ್ತಿದ್ದರು. ಅವರ ಕಾಲದ ವಿಡಿಯೊ ಪಾಠ ಅದೇ! ಭಾನುವಾರ ಹುಲ್ಲುಗಾವಲಿನಲ್ಲಿ ಜನ ಸೇರಿಸಿ ಆಟ ತೋರಿಸುತ್ತಿದ್ದರು. ನೋಡಲು ಬಂದವರು ಕೊಡಬೇಕಾದ ಟಿಕೆಟ್ಟು ಜಪಸರ ಪ್ರಾರ್ಥನೆ. ಜೊತೆಗೆ ಅವತ್ತಿನ ಪ್ರಬೋಧನೆಯನ್ನು ಬಾಲಕ ಬೋಸ್ಕೊರವರ ಬಾಯಿಂದ ಇನ್ನೊಮ್ಮೆ ಕೇಳಬೇಕಿತ್ತು.

ಕಿಯೇರಿ ಊರಿನಲ್ಲಿ ಓದುವಾಗ ಇದು ಮಾಟವಿರಬೇಕೆಂದು ಕೆಲವರು ದೂರಿದರು. ವಿಚಾರಿಸಲು ಕರೆಸಿದ ಹಿರಿಯ ಗುರುಗಳ ಗಡಿಯಾರವೂ ಹಣದ ಚೀಲವೂ ಮಾಯವಾಗಿ, ದೀಪದ ಮುಸುಕಿನ ಕೆಳಗೆ ಸಿಕ್ಕವು. ಹೇಗೆ ಮಾಡಿದೆನೆಂದು ಬೋಸ್ಕೊ ಬಿಡಿಸಿ ಹೇಳಿದಾಗ ಗುರುಗಳು ನಕ್ಕುಬಿಟ್ಟರು. 1835ರಲ್ಲಿ ಗುರುಮಠ ಸೇರುವಾಗ ಬೋಸ್ಕೊ ಜಾದೂ ಪ್ರದರ್ಶನ ಬಿಡುವ ಸಂಕಲ್ಪ ಮಾಡಿದರು. 1934ರಲ್ಲಿ ಸಂತಪದವಿಗೇರಿದ ಅವರನ್ನು ಇಂದು ಅನೇಕ ಜಾದೂಗಾರರು ತಮ್ಮ ಪಾಲಕ ಸಂತರೆಂದು ಕಾಣುತ್ತಾರೆ.

ನಿಮ್ಮ ಮನೆಗೊಂದು ಆಟ

ಕೈಚಳಕವೇ ಬೇಡದ, ಯಾರು ಬೇಕಾದರೂ ಮಾಡಬಹುದಾದ ಒಂದು ಹಳೆಯ ಆಟ ಇಲ್ಲಿದೆ. 21 ಎಲೆ ತೆಗೆದುಕೊಳ್ಳಿ. ಒಬ್ಬರು ಒಂದು ಎಲೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿ. ಎಲೆಗಳನ್ನು ಮುಖ ಮೇಲಾಗಿ, ಎಡದಿಂದ ಬಲಕ್ಕೆ ಒಂದೊಂದಾಗಿ ಹಾಕುತ್ತಾ ಏಳೇಳರ ಮೂರು ಸಾಲು ಮಾಡಿ. ಎಲೆ ಯಾವ ಸಾಲಿನಲ್ಲಿದೆ ಎಂದಷ್ಟೇ ಕೇಳಿ. ಎಲೆಗಳನ್ನು ಒಟ್ಟುಗೂಡಿಸುವಾಗ ಆ ಸಾಲು ಉಳಿದೆರಡರ ನಡುವೆ ಬರಲಿ. ಹೀಗೆ ಒಟ್ಟು ಮೂರು ಸಲ ಮಾಡಿ. ಕೊನೆಗೆ ಮೇಲಿನಿಂದ ಎಣಿಸಿದರೆ 11ನೆಯದೇ ಅವರ ಎಲೆ. ಮೊದಲ ಉತ್ತರಕ್ಕೆ 21 ಎಲೆ 7ಕ್ಕೆ ಇಳಿಯುತ್ತದೆ, ಎರಡನೆಯದಕ್ಕೆ 2 ಇಲ್ಲವೇ 3ಕ್ಕೆ, ಮೂರನೆಯದಕ್ಕೆ ಒಂದಕ್ಕೆ. ಒಂದೇ ಮಂದಿಯ ಮುಂದೆ ಮತ್ತೆ ಮತ್ತೆ ಮಾಡಬೇಡಿ.

ಹೆತ್ತವರಿಗೆ ನಮ್ಮದೊಂದು ಬಿನ್ನಹ. ಮಗುವಿನ ಕೈಯ ಮೊಬೈಲನ್ನು ಕಸಿಯುವ ಮೊದಲು ಒಂದು ಸಂಜೆ ಅದರ ಪಕ್ಕದಲ್ಲಿ ಕುಳಿತು ನೋಡಿ. ಬೇಡವೆನ್ನಬೇಕಾದದ್ದು ಕಂಡರೆ ಆಗ ಬೇಡವೆನ್ನಿ, ಕಾರಣ ತಿಳಿದು ಹೇಳಿದ ಮಾತಿಗೆ ತೂಕವಿರುತ್ತದೆ.

ನಮ್ಮ ಮನೆಯಲ್ಲಿ ಈಗ ಇಸ್ಪೀಟೆಲೆಯ ಒಂದು ಕಟ್ಟು ಇದೆ. ಅಜ್ಜಿಯ ಷರತ್ತು ಒಂದೇ: ಅದರ ಮೇಲೆ ಒಂದು ರೂಪಾಯಿ ಕೂಡ ಬೀಳಕೂಡದು. ಜನವರಿ 31ರಂದು ಬೋಸ್ಕೊರವರ ಹಬ್ಬಕ್ಕೆ ಮಗ ಧರ್ಮೋಪದೇಶ ತರಗತಿಯ ಮಕ್ಕಳ ಮುಂದೆ ಆಟ ತೋರಿಸಲಿದ್ದಾನೆ. ಮೊದಲ ಎಲೆ ತೆಗೆಯುವವರು ತಾವೇ ಎಂದು ಅಜ್ಜಿ ಈಗಲೇ ಹೇಳಿಟ್ಟಿದ್ದಾರೆ.