ವಸಂತದ ಮಳೆ, ಹೊಲದ ಹದ

ವಸಂತವೆಂದೊಡನೆ ನಮ್ಮ ಕಾವ್ಯಗಳನ್ನು ಓದಿದವರ ಕಣ್ಣ ಮುಂದೆ ನಿಲ್ಲುವುದು ಚಿಗುರಿದ ಮಾವು, ಉಲಿಯುವ ಕೋಗಿಲೆ, ಮಂದವಾದ ಮಲಯಮಾರುತ. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳಿರಬೇಕೆಂದು ವಿಧಿಸಿದ ಲಾಕ್ಷಣಿಕರು ಋತುವರ್ಣನೆಯನ್ನೂ ಅವುಗಳಲ್ಲಿ ಸೇರಿಸಿದರು. ಕವಿಗಳು ಆರು ಋತುಗಳಲ್ಲಿ ವಸಂತಕ್ಕೇ ಮೊದಲ ಮಣೆ ಹಾಕಿದರು. ಆದರೆ ಅದೇ ಚೈತ್ರ ವೈಶಾಖಗಳಲ್ಲಿ ಹೊಲದ ಬದುವಿನ ಮೇಲೆ ನಿಂತ ಬೇಸಾಯಗಾರನ ಕಣ್ಣು ಚಿಗುರಿನ ಮೇಲೆ ಇರುವುದಿಲ್ಲ. ಮಧ್ಯಾಹ್ನ ತಿರುಗಿದ ಮೇಲೆ ಬಾನಂಚಿನಲ್ಲಿ ಏಳುವ ಮೋಡದ ಮೇಲೆ ಇರುತ್ತದೆ. ಆ ಮೋಡ ಈ ದಿನ ಮಳೆಯಾಗಿ ಇಳಿದರೆ ಅವನಿಗೆ ಲಾಭವೋ ನಷ್ಟವೋ ಎಂಬುದು, ಹೊಲದಲ್ಲಿ ಏನಿದೆ, ಕಣದಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ.

ಶೀತದೇಶಗಳಲ್ಲಿ ವಸಂತವೆಂದರೆ ಹಿಮ ಕರಗಿ ಬಿತ್ತನೆ ತೊಡಗುವ ಕಾಲ. ನಮ್ಮಲ್ಲಿ ಹಾಗಲ್ಲ. ಹಿಂಗಾರಿನ ಕೊಯ್ಲು ಮುಗಿಯುತ್ತ ಬಂದು ಮುಂಗಾರಿನ ಬಿತ್ತನೆ ಇನ್ನೂ ತೊಡಗದ ನಡುಗಾಲ ಅದು. ಮಾರ್ಚಿಯಿಂದ ಮೇ ತಿಂಗಳವರೆಗೆ ಕರ್ನಾಟಕದಲ್ಲಿ ಬೀಳುವುದು ವರ್ಷದ ಮಳೆಯ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಆದರೂ ಈ ಅಲ್ಪ ಮಳೆ ಮಾಡುವ ಉಪಕಾರವೂ ಅಪಕಾರವೂ ಅದರ ಅಳತೆಯನ್ನು ಮೀರಿದವು. ಆದುದರಿಂದ ವಸಂತದ ಮಳೆಯ ವಿಷಯದಲ್ಲಿ ಎಷ್ಟು ಬಿತ್ತು ಎಂದು ಕೇಳಿದರೆ ಸಾಲದು. ಎಂದು ಬಿತ್ತು, ಯಾವುದರ ಮೇಲೆ ಬಿತ್ತು ಎಂದು ಕೇಳಬೇಕು.

ಈ ಮಳೆ ಬರುವ ಬಗೆಯೇ ಬೇರೆ. ಜೂನ್ ತಿಂಗಳ ಮಳೆಗಾಳಿ ಸಮುದ್ರದ ಕಡೆಯಿಂದ ಒಂದೇ ಸಮನೆ ಬೀಸಿ ನಾಡನ್ನೆಲ್ಲ ಆವರಿಸುತ್ತದೆ. ವಸಂತದ ಮಳೆಯಾದರೋ ನೆಲದ ಕಾವಿನಿಂದ ಹುಟ್ಟಿದ್ದು. ಹಗಲೆಲ್ಲ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಹಗುರವಾಗಿ ಮೇಲಕ್ಕೇರುತ್ತದೆ. ಅರಬ್ಬೀ ಸಮುದ್ರದಿಂದಲೋ ಬಂಗಾಳ ಕೊಲ್ಲಿಯಿಂದಲೋ ಬಂದ ತೇವ ಅದರೊಡನೆ ಕೂಡಿದ್ದರೆ ಮಧ್ಯಾಹ್ನದ ಹೊತ್ತಿಗೆ ಗೋಪುರದಂಥ ಮೋಡ ಏಳುತ್ತದೆ. ಸಂಜೆಗೆ ಗುಡುಗು, ಸಿಡಿಲು, ಬಿರುಗಾಳಿ, ಒಂದು ಗಳಿಗೆಯ ಜಡಿಮಳೆ. ಈ ಊರಿನ ಕೆರೆಗೆ ನೀರು ಬಂದರೆ ಪಕ್ಕದ ಊರಿನಲ್ಲಿ ಧೂಳೂ ಅಡಗದು. ಮೇಲಕ್ಕೆ ನುಗ್ಗುವ ಗಾಳಿ ಮಳೆಹನಿಗಳನ್ನು ನೀರು ಹೆಪ್ಪುಗಟ್ಟುವ ಎತ್ತರಕ್ಕೆ ಒಯ್ದಾಗ ಅವು ಮಂಜುಗಡ್ಡೆಯ ಪದರಗಳನ್ನು ಹೊತ್ತು ಆಲಿಕಲ್ಲಾಗಿ ಬೀಳುತ್ತವೆ. ೨೦೧೪ರ ಫೆಬ್ರುವರಿ ಮಾರ್ಚಿಗಳಲ್ಲಿ ಮಹಾರಾಷ್ಟ್ರದಲ್ಲೂ ನಮ್ಮ ಉತ್ತರದ ಜಿಲ್ಲೆಗಳಲ್ಲೂ ಬಿದ್ದ ಆಲಿಕಲ್ಲು ಕೈಗೆ ಬಂದಿದ್ದ ಬೆಳೆಯನ್ನು ಮಣ್ಣುಪಾಲು ಮಾಡಿತು.

ಮೊದಲು ನೆಲದ ಮಾತನ್ನು ನೋಡೋಣ. ಮೈಸೂರು, ಮಂಡ್ಯ, ಚಾಮರಾಜನಗರಗಳ ಕಡೆ ಯುಗಾದಿಯಂದು ನೇಗಿಲಿಗೂ ಎತ್ತಿಗೂ ಪೂಜೆ ಮಾಡಿ ಹೊಲದಲ್ಲಿ ಮೊದಲ ಸಾಲು ಎಳೆಯುವ ಪದ್ಧತಿ ಉಂಟು. ಅದನ್ನು ಹೊನ್ನಾರು ಕಟ್ಟುವುದು ಎನ್ನುತ್ತಾರೆ. ಆರು ಎಂದರೆ ನೇಗಿಲು ಹೂಡಿದ ಎತ್ತಿನ ಜೋಡಿ. ಅದಕ್ಕೆ ಹೊನ್ನು ಸೇರಿದೆ. ಹೆಸರಿಗೆ ತಕ್ಕಂತೆ ಈ ಕಾಲದ ಉಳುಮೆ ಬಂಗಾರದ ಉಳುಮೆಯೇ ಸರಿ. ಮೊದಲ ಮಳೆಯ ತೇವದಲ್ಲಿ ಇಳಿಜಾರಿಗೆ ಅಡ್ಡಲಾಗಿ ಉತ್ತ ಹೊಲ ಮುಂದಿನ ಮಳೆಯನ್ನು ತನ್ನೊಳಗೆ ಇಳಿಸಿಕೊಳ್ಳುತ್ತದೆ. ಉಳದ ಕೆಂಪು ನೆಲದ ಮೇಲೆ ಜಡಿಮಳೆ ಬಿದ್ದರೆ ನೀರು ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಎಕರೆಯ ಮೇಲೆ ೨೫ ಮಿಲಿಮೀಟರು, ಎಂದರೆ ಸುಮಾರು ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರು ನೀರು. ಅಷ್ಟು ನೀರನ್ನು ಕೊಳವೆಬಾವಿಯಿಂದ ಎತ್ತಲು ಎಷ್ಟು ಹೊತ್ತು ಬೇಕೆಂಬುದನ್ನು ಬೇಸಾಯಗಾರನೇ ಬಲ್ಲ. ಬಿಟ್ಟಿ ಬಂದ ನೀರನ್ನು ಹಿಡಿದಿಡುವುದು ಅವನ ನೇಗಿಲಿನ ಕೆಲಸ.

ಎರೆಯ ನೆಲದ ಸ್ವಭಾವ ಬೇರೆ. ವಿಜಯಪುರ, ಕಲಬುರಗಿ, ಗದಗುಗಳ ಕಪ್ಪು ಮಣ್ಣು ಬೇಸಗೆಯ ಬಿಸಿಲಿಗೆ ಒಣಗಿ ಕುಗ್ಗಿ ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಮೊದಲ ಮಳೆಯ ನೀರು ಈ ಬಿರುಕುಗಳ ಮೂಲಕ ಆಳಕ್ಕೆ ಇಳಿಯುತ್ತದೆ. ನೆನೆದ ಮಣ್ಣು ಮತ್ತೆ ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತದೆ. ದೊಡ್ಡ ಹೆಂಟೆಗಳು ಬಿಸಿಲಿಗೆ ಕಾದು, ಮಳೆಗೆ ನೆನೆದು, ಮತ್ತೆ ಕಾದು ತಾವಾಗಿಯೇ ಅರಳಿ ಹುಡಿಯಾಗುತ್ತವೆ. ಹೊರಳಿಸಿದ ಮಣ್ಣಿನೊಡನೆ ಕೀಟಗಳ ಕೋಶಗಳೂ ಕಳೆಯ ಗಡ್ಡೆಗಳೂ ಮೇಲೆ ಬಂದು ಬಿಸಿಲಿಗೆ ಒಣಗುತ್ತವೆ. ನೇಗಿಲ ಹಿಂದೆ ಸಾಲುಗಟ್ಟಿ ನಡೆಯುವ ಬೆಳ್ಳಕ್ಕಿಗಳು ಉಳಿದ ಕೆಲಸ ಮುಗಿಸುತ್ತವೆ.

ಇನ್ನು ಬೆಳೆಗಳ ಮಾತು. ವಸಂತದ ಒಂದು ಮಳೆಯನ್ನು ನಂಬಿ ವರ್ಷವಿಡೀ ಕಾಯುವ ಬೆಳೆಯೆಂದರೆ ಕಾಫಿ. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ತೋಟಗಳದು. ಚಳಿಗಾಲದ ಒಣಹವೆಯಲ್ಲಿ ಕಾಫಿಗಿಡದ ಮೊಗ್ಗು ಒಂದು ಹಂತದವರೆಗೆ ಬೆಳೆದು ನಿದ್ದೆ ಹೋಗುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಯಾವಾಗಲಾದರೂ ಒಂದು ಅಂಗುಲದಷ್ಟು ಮಳೆಯಾದರೆ ಆ ನಿದ್ದೆ ಒಡೆಯುತ್ತದೆ. ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳಿ ಮಲ್ಲಿಗೆಯಂತೆ ಕಂಪು ಬೀರುತ್ತದೆ. ಇದನ್ನು ಹೂಮಳೆ ಎಂದು ಕರೆದಿರುವುದು ಎಷ್ಟು ಉಚಿತ! ಆದರೆ ಮಳೆ ಅರೆಮನಸ್ಸಿನಿಂದ ತುಂತುರಿಟ್ಟು ಹೋದರೆ ಮೊಗ್ಗು ಎಚ್ಚರಗೊಂಡೂ ಅರಳಲಾರದೆ ಕೆಡುತ್ತದೆ. ಹೂವು ಅರಳಿದ ದಿನವೇ ಮತ್ತೆ ಮಳೆ ಸುರಿದರೆ ಪರಾಗ ತೊಯ್ದು ಕಾಯಿ ಕಟ್ಟುವುದು ತಪ್ಪುತ್ತದೆ; ಒಂದು ಗಿಡದ ಪರಾಗವನ್ನು ಇನ್ನೊಂದು ಗಿಡ ಬೇಡುವ ರೊಬಸ್ಟಾಕ್ಕೆ ಈ ಪೆಟ್ಟು ಹೆಚ್ಚು. ಹೂವು ಉದುರಿ ಎರಡು ಮೂರು ವಾರಗಳಾದ ಮೇಲೆ ಬೆಂಬಲದ ಮಳೆಯೊಂದು ಬರಬೇಕು. ಬಾರದಿದ್ದರೆ ಕಟ್ಟಿದ ಕಾಯೂ ನಿಲ್ಲದು. ನೀರಿದ್ದವರು ತುಂತುರು ನೀರಾವರಿಯಿಂದ ಹೂಮಳೆಯನ್ನು ತಾವೇ ಸುರಿಸಿಕೊಳ್ಳುತ್ತಾರೆ. ನೀರಿಲ್ಲದವರು ಆಕಾಶ ನೋಡುತ್ತಾರೆ.

ಕಾಫಿಗೆ ಅಮೃತವಾದ ಈ ಮಳೆ ಮಾವಿಗೆ ಅದೇ ವಾರದಲ್ಲಿ ವಿಷವಾಗಬಹುದು. ಮಾವು ಹೂ ಬಿಡುವುದು ಮಾಗಿಯ ಕೊನೆಯಲ್ಲಿ. ಹೂಗೊಂಚಲು ಮರದ ಮೇಲಿರುವಾಗ ಬಿಸಿಲು ಬೇಕು. ಮೋಡ ಕವಿದು ಹವೆ ತಣ್ಣಗಾದರೆ ಜಿಗಿಹುಳು ಹೆಚ್ಚಿ ಹೂವಿನ ರಸ ಹೀರುತ್ತದೆ. ಅದು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಕಾಯಿ ಕಚ್ಚಿದ ಮೇಲೆ ಬೀಳುವ ಹದವಾದ ಒಂದು ಮಳೆಯಾದರೋ ಕಾಯಿ ಉದುರುವುದನ್ನು ತಡೆದು ಅದನ್ನು ದಪ್ಪಗಾಗಿಸುತ್ತದೆ. ಅದನ್ನೇ ಜನ ಮಾವಿನ ಮಳೆಯೆಂದು ಹೊಗಳುವುದು. ಆ ಮಳೆಯ ಹಿಂದೆಯೇ ಬಿರುಗಾಳಿ ಬಂದರೆ ಶ್ರೀನಿವಾಸಪುರದ ತೋಪಿನಲ್ಲಾಗಲಿ ಧಾರವಾಡದ ತೋಪಿನಲ್ಲಾಗಲಿ ಬೆಳಗಾಗುವಾಗ ನೆಲದ ತುಂಬ ಎಳೆಗಾಯಿ. ಉಪ್ಪಿನಕಾಯಿಗೆ ಅಗ್ಗವಾಗಿ ಮಾರುವುದರ ಹೊರತು ಅದಕ್ಕೆ ಬೇರೆ ದಾರಿಯಿಲ್ಲ.

ಕೊಯ್ದು ಒಣಗಲು ಹಾಕಿದ ಪದಾರ್ಥಕ್ಕೆ ಈ ಕಾಲದ ಯಾವ ಮಳೆಯೂ ಬೇಡ. ಹಿಂಗಾರಿ ಜೋಳದ ತೆನೆ ಕೊಯ್ಲಿನ ಹೊತ್ತಿಗೆ ನೆನೆದರೆ ಮುತ್ತಿನಂಥ ಕಾಳು ಕಪ್ಪಾಗಿ ಬೆಲೆ ಕಳೆದುಕೊಳ್ಳುತ್ತದೆ. ಬಿಡಿಸಿದ ಹುಣಿಸೆಹಣ್ಣು, ಕಣದಲ್ಲಿ ಹರಡಿದ ಮೆಣಸಿನಕಾಯಿ, ವಿಜಯಪುರದ ಕಡೆ ನೆರಳಿನ ಚಪ್ಪರದಲ್ಲಿ ಒಣಗುತ್ತಿರುವ ದ್ರಾಕ್ಷಿ ಇವೆಲ್ಲ ಒಂದು ಸಂಜೆಯ ಮಳೆಗೆ ಹೆದರುವಂಥವು. ಕಾಲುವೆಯ ನೀರಿನ ಬೇಸಗೆ ಬತ್ತಕ್ಕೆ ಮಳೆಗಿಂತ ಬಿಸಿಲಿನ ಭಯ ಹೆಚ್ಚು. ಹೂ ಬಿಡುವ ದಿನಗಳಲ್ಲಿ ಉಷ್ಣತೆ ೩೫ ಡಿಗ್ರಿಯನ್ನು ಮೀರಿದರೆ ಪರಾಗ ಕೆಟ್ಟು ತೆನೆಯಲ್ಲಿ ಜೊಳ್ಳು ಹೆಚ್ಚುತ್ತದೆ. ನಾಟಿ ತಡವಾದಷ್ಟೂ ಹೂವು ಏಪ್ರಿಲಿನ ಉರಿಗೆ ಸಿಕ್ಕುವುದರಿಂದ, ಹೊತ್ತಿಗೆ ಸರಿಯಾಗಿ ನಾಟಿ ಮಾಡುವುದೇ ಇದಕ್ಕೆ ಮದ್ದು.

ಈಗ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ: ವಸಂತದ ಮಳೆಯನ್ನು ನಂಬಿ ಬಿತ್ತಬಹುದೇ? ನಮ್ಮ ಹಿರಿಯರು ಇದಕ್ಕೆ ಚಾಂದ್ರಮಾನದ ತಿಂಗಳನ್ನು ಹಿಡಿಯಲಿಲ್ಲ ಎಂಬುದು ಗಮನಿಸತಕ್ಕ ವಿಷಯ. ಅಧಿಕಮಾಸದ ಕಾರಣದಿಂದ ಯುಗಾದಿ ಮಾರ್ಚಿಯ ನಡುವಿನಿಂದ ಏಪ್ರಿಲಿನ ನಡುವಿನವರೆಗೆ ಹಿಂದುಮುಂದಾಗುತ್ತದೆ. ಮಳೆನಕ್ಷತ್ರಗಳಾದರೋ ಸೂರ್ಯನ ಗತಿಯನ್ನು ಅನುಸರಿಸಿದವು. ಏಪ್ರಿಲ್ ನಡುವಿನಲ್ಲಿ ಸೂರ್ಯ ಅಶ್ವಿನಿಯನ್ನು ಹೊಗುತ್ತಾನೆ. ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ ಇದ್ದು ಭರಣಿ, ಕೃತ್ತಿಕೆಗಳನ್ನು ದಾಟಿ ಮೇ ಕೊನೆಯ ವಾರಕ್ಕೆ ರೋಹಿಣಿಗೆ ಬರುತ್ತಾನೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಹುಟ್ಟಿದ್ದು ಈ ಲೆಕ್ಕದಲ್ಲಿ. ನಕ್ಷತ್ರವು ಕಾಲವನ್ನು ತಿಳಿಸುವ ಪಂಚಾಂಗವೇ ಹೊರತು ಮಳೆ ಬಂದೇ ಬರುತ್ತದೆಂಬ ಮಾತಲ್ಲ. ಹಿರಿಯರೂ ‘ಬಂದರೆ’ ಎಂದು ಸೇರಿಸಿಯೇ ಗಾದೆ ಕಟ್ಟಿದರು.

ಬಂದರೂ ಎಲ್ಲ ಬೀಜಕ್ಕೂ ಅದು ಸಾಲದು. ಮೈಸೂರು ಸೀಮೆಯಲ್ಲಿ ಏಪ್ರಿಲ್ ಮಳೆಗೆ ಎಳ್ಳು, ಹೆಸರು, ಅಲಸಂದೆ ಬಿತ್ತುವುದುಂಟು. ಇವು ಅಲ್ಪಕಾಲದವು, ಅಲ್ಪ ನೀರಿನವು. ಗದ್ದೆಯಾದರೆ ಅಪ್ಪಸೆಣಬನ್ನು ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಅದೇ ಗೊಬ್ಬರ. ಮುಂದಿನ ನಾಲ್ಕು ತಿಂಗಳ ಮಳೆಯನ್ನು ನಂಬಿದ ಬೆಳೆಯ ಬೀಜವನ್ನು ಮಾತ್ರ ಮೊದಲ ಮಳೆಗೆ ಚೆಲ್ಲಿದರೆ, ಮೊಳಕೆ ಮೇಲೆದ್ದ ಮೇಲೆ ಹದಿನೈದು ದಿನ ಬಿಸಿಲು ಹೊಡೆದು ಬೀಜವೂ ಹೋಯಿತು, ಬೀಜಕ್ಕೆ ತಂದ ಸಾಲವೂ ಉಳಿಯಿತು. ನಮ್ಮ ಶಾಲೆಯ ವಿದ್ಯಾರ್ಥಿಯೊಬ್ಬನ ತಂದೆಯನ್ನು ಹದವೆಂದರೇನೆಂದು ಕೇಳಿದಾಗ ಅವರು ಹೊಲದಲ್ಲಿ ಗೇಣುದ್ದ ಮಣ್ಣು ಬಗೆದು ಒಂದು ಹಿಡಿ ಅಂಗೈಯಲ್ಲಿ ಅದುಮಿ ತೋರಿಸಿದರು. “ಮೇಷ್ಟ್ರೇ, ಇದು ಉಂಡೆ ಆಗಬೇಕು, ಕೈಗೆ ಮೆತ್ತಬಾರದು. ಬೆರಳು ಒತ್ತಿದರೆ ಬಿಡಿಬಿಡಿಯಾಗಿ ಉದುರಬೇಕು. ಮೇಲಿನ ಹಸಿ ಕೆಳಗಿನ ಹಸಿಯನ್ನು ಮುಟ್ಟಿರಬೇಕು. ಅಲ್ಲಿವರೆಗೆ ಬೀಜ ಗುಡಾಣದಲ್ಲೇ ಇರಲಿ.” ಹದ ಎಂಬ ಎರಡಕ್ಷರಕ್ಕೆ ಯಾವ ನಿಘಂಟಿನಲ್ಲೂ ನಾನು ಇಷ್ಟು ಸ್ಪಷ್ಟವಾದ ಅರ್ಥವನ್ನು ಕಂಡಿಲ್ಲ.

ಈಚಿನ ವರ್ಷಗಳು ಈ ಎಚ್ಚರಿಕೆಯ ಬೆಲೆಯನ್ನು ಹೆಚ್ಚಿಸಿವೆ. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಲಾಯಿತು. ಅದರ ಮೇಲೆ ಬಂದ ೨೦೨೪ರ ವಸಂತ ಬೆಂಗಳೂರಿಗೆ ಏಪ್ರಿಲ್ ತಿಂಗಳೆಲ್ಲ ಮಳೆ ಕೊಡಲಿಲ್ಲ. ಮರುವರ್ಷ ೨೦೨೫ರಲ್ಲಿ ಮೇ ತಿಂಗಳ ಮಳೆ ವಾಡಿಕೆಯನ್ನು ಬಹಳವಾಗಿ ಮೀರಿತು. ಜೂನ್ ೧ಕ್ಕೆ ಕೇರಳವನ್ನು ಮುಟ್ಟಬೇಕಾದ ಮುಂಗಾರು ಮೇ ೨೪ಕ್ಕೇ ಮುಟ್ಟಿತು. ಒಂದು ವರ್ಷ ನೆಲ ನೇಗಿಲಿಗೆ ಸಡಿಲದಷ್ಟು ಒಣಗಿದರೆ, ಇನ್ನೊಂದು ವರ್ಷ ನೇಗಿಲು ಇಳಿಸಲಾಗದಷ್ಟು ನೆನೆಯಿತು. ರೂಢಿಯ ಲೆಕ್ಕದೊಡನೆ ದಿನದ ಲೆಕ್ಕವನ್ನೂ ಇಟ್ಟುಕೊಳ್ಳುವುದು ಈಗ ಅನಿವಾರ್ಯ. ಹವಾಮಾನ ಇಲಾಖೆಯ ಕೃಷಿ ಸಲಹೆ ವಾರಕ್ಕೆ ಎರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಹೊರಡುತ್ತದೆ. ಕಣದಲ್ಲಿ ಕಾಳಿದ್ದವರೂ ಕೈಯಲ್ಲಿ ಬೀಜವಿದ್ದವರೂ ಅದನ್ನು ಕೇಳಿ ಹೆಜ್ಜೆಯಿಡುವುದು ಲೇಸು.

ಎರಡು ಮಾತು ಉಳಿದಿವೆ. ಮೊದಲನೆಯದು, ವಸಂತದ ಮಳೆ ಎಬ್ಬಿಸುವುದು ಬೀಜವನ್ನು ಮಾತ್ರವಲ್ಲ. ಮಣ್ಣಿನಲ್ಲಿ ಅಡಗಿದ್ದ ಗೊಣ್ಣೆಹುಳುವಿನ ದುಂಬಿಗಳು ಮೊದಲ ದೊಡ್ಡ ಮಳೆಯ ಸಂಜೆ ಹೊರಬಂದು ಬೇವಿನ ಮರಕ್ಕೆ ಮುತ್ತುತ್ತವೆ. ಆ ರಾತ್ರಿಗಳಲ್ಲಿ ಊರವರೆಲ್ಲ ಸೇರಿ ಕೊಂಬೆ ಅಲುಗಿಸಿ, ಬಿದ್ದವನ್ನು ಆರಿಸಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ ಮುಂದೆ ಬೇರು ಕಡಿಯುವ ಹುಳುಗಳ ಸಂತತಿಯೇ ಕುಗ್ಗುತ್ತದೆ. ಒಬ್ಬರೇ ಮಾಡಿದರೆ ಫಲವಿಲ್ಲ. ದುಂಬಿಗೆ ಬದುವಿನ ಗಡಿ ತಿಳಿಯದು.

ಎರಡನೆಯದು ಪ್ರಾಣದ ಮಾತು. ಏಪ್ರಿಲ್ ಮೇ ತಿಂಗಳ ಸಿಡಿಲು ಹೊಲದಲ್ಲಿರುವವರನ್ನೂ ದನ ಕುರಿ ಕಾಯುವವರನ್ನೂ ಹುಡುಕಿ ಬಂದಂತೆ ಬಡಿಯುತ್ತದೆ. ಗುಡುಗು ಕೇಳಿಸಿತೆಂದರೆ ಸಿಡಿಲು ಬೀಳುವ ದೂರದಲ್ಲಿ ನಾವಿದ್ದೇವೆಂದೇ ತಿಳಿಯಬೇಕು. ಒಂಟಿ ಮರದ ಕೆಳಗೆ ನಿಲ್ಲುವುದು ಆಶ್ರಯವಲ್ಲ, ಅಪಾಯ. ಹರಡಿದ ರಾಗಿ ನೆನೆದರೆ ನೆನೆಯಲಿ. ಮನುಷ್ಯ ಮನೆ ಸೇರಬೇಕು. ಹೊಲಕ್ಕೆ ಊಟ ಒಯ್ಯುವ ಮಕ್ಕಳಿಗೆ ಇದನ್ನು ಹೇಳಿಕೊಡುವುದು ಹೆತ್ತವರ ಕೆಲಸವೂ ಹೌದು, ನಮ್ಮಂಥ ಉಪಾಧ್ಯಾಯರ ಕೆಲಸವೂ ಹೌದು.

ಕಾರ್ ಎಂದರೆ ಹಳಗನ್ನಡದಲ್ಲಿ ಮಳೆಗಾಲ. ಮುನ್ ಮತ್ತು ಕಾರ್ ಕೂಡಿ ಮುಂಗಾರು ಆಯಿತು. ಪಿನ್ ಮತ್ತು ಕಾರ್ ಕೂಡಿದ್ದು ಹಿಂಗಾರು. ಈ ಎರಡರ ನಡುವೆ ಬೆಳೆಯುವುದು ನಮ್ಮ ಅನ್ನ. ವಸಂತದ ಮಳೆಗೆ ಅಂಥ ದೊಡ್ಡ ಹೆಸರಿಲ್ಲ. ಹೂಮಳೆ, ಮಾವಿನ ಮಳೆ ಎಂದು ಬೆಳೆಗೊಂದು ಮುದ್ದಿನ ಹೆಸರಷ್ಟೆ. ಅದು ಕಣಜ ತುಂಬಿಸುವ ಮಳೆಯಲ್ಲ, ನೆಲವನ್ನು ಅಣಿಗೊಳಿಸುವ ಮಳೆ. ಬಂದಾಗ ಉತ್ತು ಹಿಡಿದಿಟ್ಟವನಿಗೆ ಜೂನಿನಲ್ಲಿ ಅದರ ಬೆಲೆ ತಿಳಿಯುತ್ತದೆ.