ಯರಿ, ಮಸಾರಿ ಮತ್ತು ಕಾಳಿಗೆ ಏರುವ ಲೋಹ

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯಲ್ಲಿ ಯರಿ ಹೊಲ ಮುಗಿದಲ್ಲೇ ಮಸಾರಿ ಶುರುವಾಗುತ್ತದೆ. ಕೆಲವೆಡೆ ಬದುವಿನ ಆಚೆ ಕಪ್ಪು, ಈಚೆ ಕೆಂಪು. ಯಾವುದಕ್ಕೆ ತೊಗರಿ ಹೊಂದುತ್ತದೆ, ಯಾವುದಕ್ಕೆ ಶೇಂಗಾ ಎಂದು ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆರ್ಸೆನಿಕ್, ಕ್ಯಾಡ್ಮಿಯಂನಂಥ ವಿಷಧಾತುಗಳ ವಿಷಯದಲ್ಲೂ ಈ ಎರಡು ಮಣ್ಣಿನ ಗುಣ ಬೇರೆ ಬೇರೆ ಎಂಬ ಮಾತು ಇನ್ನೂ ಹೊಲದವರೆಗೆ ಬಂದಿಲ್ಲ. ಬರಬೇಕು.

ಇದು ದೂರದ ದೇಶದ ಕತೆಯೇನಲ್ಲ. ಕೃಷ್ಣೆಯ ಮೇಲ್ಭಾಗದಲ್ಲಿರುವ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಚಿನ್ನದ ಶಿಲೆಗಳ ಮಂಗಳೂರು ಪಟ್ಟಿಯಿದೆ (ಇದು ಕರಾವಳಿಯ ಮಂಗಳೂರಲ್ಲ). ಚಿನ್ನದ ಅದಿರಿನ ಜೊತೆ ಆರ್ಸೆನೊಪೈರೈಟ್ ಎಂಬ ಖನಿಜ ಬೆರೆತಿರುತ್ತದೆ. ಅಲ್ಲಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದನ್ನೂ ಜನರ ಚರ್ಮದ ಮೇಲೆ ಅದರ ಗುರುತುಗಳು ಮೂಡಿದ್ದನ್ನೂ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಅವರ ತಂಡ 2013ರಲ್ಲಿ ದಾಖಲಿಸಿತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನೀರನ್ನು ಪರೀಕ್ಷಿಸಬಹುದು, ಬೋರ್‌ವೆಲ್ ಬದಲಿಸಬಹುದು. ಕಾಳಿನ ಮೂಲಕ ಬರುವ ವಿಷ ಅಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ.

ಮಣ್ಣಿನಲ್ಲಿ ಲೋಹ ಎಷ್ಟಿದೆ ಎಂಬುದಕ್ಕಿಂತ, ಅದರಲ್ಲಿ ಎಷ್ಟು ಕರಗಿ ಬೇರಿಗೆ ಸಿಗುತ್ತದೆ ಎಂಬುದೇ ಮುಖ್ಯ. ಯರಿ ಮಣ್ಣಿನಲ್ಲಿ ಜೇಡಿ ಹೆಚ್ಚು, ಸುಣ್ಣದ ಅಂಶವೂ ಉಂಟು, ಅದರ ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸು. ಇಂಥ ಮಣ್ಣು ಕ್ಯಾಡ್ಮಿಯಂ, ಸೀಸಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ. ಮಸಾರಿಯಲ್ಲಿ ಜೇಡಿ ಕಡಿಮೆ, ಹುಳಿಯ ಕಡೆ ವಾಲಿದರಂತೂ ಕ್ಯಾಡ್ಮಿಯಂ ಸಲೀಸಾಗಿ ಬಿಡುಗಡೆಯಾಗುತ್ತದೆ. ಈ ಕ್ಯಾಡ್ಮಿಯಂ ಹೊಲಕ್ಕೆ ಬರುವ ಒಂದು ದಾರಿ ರಂಜಕದ ಗೊಬ್ಬರ. ಅದರ ಮೂಲವಾದ ಶಿಲಾರಂಜಕದಲ್ಲೇ ಅದು ಬೆರೆತಿರುತ್ತದೆ. ಆರ್ಸೆನಿಕ್‌ನ ಸ್ವಭಾವ ಬೇರೆ. ಮಸಾರಿಗೆ ಕೆಂಪು ಕೊಟ್ಟ ಕಬ್ಬಿಣದ ಆಕ್ಸೈಡೇ ಅದನ್ನು ಅಂಟಿಸಿಕೊಂಡು ಕೂರುತ್ತದೆ.

ನೀರು ನಿಂತರೆ ಈ ಲೆಕ್ಕವೆಲ್ಲ ತಿರುಗುಮುರುಗು. ಜುರಾಲಾ ಜಲಾಶಯದ ಕಾಲುವೆಗಳು ಬಂದ ಮೇಲೆ ಗದ್ವಾಲ್ ಸುತ್ತಿನ ಎಷ್ಟೋ ಒಣ ಹೊಲ ಗದ್ದೆಯಾಯಿತು. ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿಗೆ ಗಾಳಿ ಸಿಗದೆ ಕಬ್ಬಿಣದ ಆಕ್ಸೈಡ್ ಕರಗುತ್ತದೆ, ಅದು ಹಿಡಿದಿಟ್ಟಿದ್ದ ಆರ್ಸೆನಿಕ್ ನೀರಿಗೆ ಬಿಡುಗಡೆಯಾಗುತ್ತದೆ. ಆ ರೂಪದ ಆರ್ಸೆನಿಕ್ ಸಿಲಿಕಾನನ್ನು ಹೋಲುವುದರಿಂದ, ಭತ್ತದ ಬೇರು ಸಿಲಿಕಾನಿಗೆಂದು ತೆರೆದಿಟ್ಟ ಬಾಗಿಲಲ್ಲೇ ಒಳಗೆ ನುಸುಳುತ್ತದೆ. ಭತ್ತಕ್ಕೆ ಸಿಲಿಕಾನ್ ಅಪಾರವಾಗಿ ಬೇಕು, ಹಾಗಾಗಿ ಬಾಗಿಲೂ ದೊಡ್ಡದೇ. ಒಣಗಿಸಿ ಮತ್ತೆ ನೀರು ಕಟ್ಟಿದರೆ ಆರ್ಸೆನಿಕ್ ಇಳಿಯುತ್ತದೆ. ಆದರೆ ಆಗ ಗಂಧಕದೊಡನೆ ಕಟ್ಟಿಕೊಂಡಿದ್ದ ಕ್ಯಾಡ್ಮಿಯಂ ಬಿಡಿಸಿಕೊಳ್ಳುತ್ತದೆ. ಸುಣ್ಣವಿರುವ ಯರಿಯಲ್ಲಿ ಈ ಅಪಾಯ ಕಡಿಮೆ, ಹುಳಿ ಮಸಾರಿಯಲ್ಲಿ ಹೆಚ್ಚು. ನೀರು ಉಳಿಸಿ ಎಂಬ ಒಂದೇ ಸಲಹೆಯನ್ನು ಎರಡೂ ಮಣ್ಣಿಗೆ ಕೊಡುವ ಮುನ್ನ ಇದನ್ನು ಯೋಚಿಸಬೇಕು.

ಇನ್ನು ತಳಿ. ಜಪಾನಿನ ಜಿಂಜು ನದಿಯ ದಂಡೆಯಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗೆ ಹರಿದು, ಆ ಅಕ್ಕಿ ಉಂಡವರ ಮೂಳೆಗಳು ಮುರಿಯತೊಡಗಿದವು. 'ಇತಾಯ್-ಇತಾಯ್' ಎಂಬ ಈ ಕಾಯಿಲೆಗೆ ಮಾಲಿನ್ಯವೇ ಕಾರಣವೆಂದು ಅಲ್ಲಿನ ಸರ್ಕಾರ 1968ರಲ್ಲಿ ಒಪ್ಪಿತು. ಅದೇ ದೇಶದ ವಿಜ್ಞಾನಿಗಳು ಕೊಶಿಹಿಕಾರಿ ಎಂಬ ಹೆಸರಾಂತ ತಳಿಯನ್ನು ಕಾರ್ಬನ್ ಅಯಾನುಗಳಿಗೆ ಒಡ್ಡಿ, ಕಾಳಿನಲ್ಲಿ ಕ್ಯಾಡ್ಮಿಯಂ ಹೆಚ್ಚುಕಡಿಮೆ ಇಲ್ಲವೆನ್ನುವಷ್ಟು ಕಡಿಮೆಯಿರುವ ರೂಪಾಂತರಗಳನ್ನು ಪಡೆದು 2012ರಲ್ಲಿ ಪ್ರಕಟಿಸಿದರು. ಮ್ಯಾಂಗನೀಸ್ ಹೀರುವ ಒಂದು ವಂಶವಾಹಿ ಕೆಟ್ಟದ್ದೇ ಅದರ ಗುಟ್ಟು. ಕ್ಯಾಡ್ಮಿಯಂ ಒಳಹೊಗುತ್ತಿದ್ದುದೂ ಆ ವಂಶವಾಹಿ ತೆರೆದ ದಾರಿಯಿಂದಲೇ. ಇನ್ನೊಂದು ವಂಶವಾಹಿ ಕ್ಯಾಡ್ಮಿಯಂ ಅನ್ನು ಬೇರಿನ ಕೋಶಗಳಲ್ಲೇ ಕೂಡಿಹಾಕುತ್ತದೆ. ಅದು ಬಲವಾಗಿರುವ ತಳಿಯಲ್ಲಿ ವಿಷ ತೆನೆಗೆ ಏರುವುದು ಕಡಿಮೆ. ನಮ್ಮ ಕಡೆಯ ಭತ್ತಗಳು ಇಂಡಿಕಾ ಗುಂಪಿನವು. ಜಪಾನಿ ಭತ್ತಕ್ಕಿಂತ ಈ ಗುಂಪು ಸಾಮಾನ್ಯವಾಗಿ ಹೆಚ್ಚು ಕ್ಯಾಡ್ಮಿಯಂ ಕೂಡಿಟ್ಟುಕೊಳ್ಳುತ್ತದೆ.

ಹೀಗಿರುವಾಗ ತಳಿ ಬಿಡುಗಡೆ ಮಾಡುವಾಗ ಇಳುವರಿ, ರೋಗನಿರೋಧಕತೆಯಷ್ಟನ್ನೇ ಹೇಳಿ ಮುಗಿಸುವುದು ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಪಾಲೆಂನ ಸಂಶೋಧನಾ ಕೇಂದ್ರ ಎರಡೂ ಈ ಸೀಮೆಗೆ ಹತ್ತಿರ. ಸೋನಾ ಮಸೂರಿಯೂ ಸೇರಿದಂತೆ ಇಲ್ಲಿ ಬಿತ್ತುವ ತಳಿಗಳನ್ನು ಯರಿಯಲ್ಲೂ ಮಸಾರಿಯಲ್ಲೂ, ನೀರು ನಿಲ್ಲಿಸಿಯೂ ಒಣಗಿಸಿಯೂ ಬೆಳೆದು ಕಾಳಿನ ಲೋಹದ ಅಂಕಿಯನ್ನು ಇಳುವರಿಯ ಪಕ್ಕದಲ್ಲೇ ಕೊಡಬೇಕು. ಪಾಲಿಶ್ ಮಾಡಿದ ಅಕ್ಕಿಗೆ ಕೋಡೆಕ್ಸ್ ಎಂಬ ಅಂತಾರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಕಿಲೋಗೆ ಕ್ಯಾಡ್ಮಿಯಂ 0.4, ಅಜೈವಿಕ ಆರ್ಸೆನಿಕ್ 0.2 ಮಿಲಿಗ್ರಾಂ. ಹೋಲಿಸಲು ಅಳತೆಗೋಲು ಸಿದ್ಧವಿದೆ.

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ 12 ಅಂಶಗಳನ್ನು ತೋರಿಸುತ್ತದೆ. ಅದರಲ್ಲಿ ಆರ್ಸೆನಿಕ್, ಕ್ಯಾಡ್ಮಿಯಂ, ಸೀಸ ಇಲ್ಲ. ಆದರೂ ಅದರ ಎರಡು ಅಂಕಿಗಳು ಈ ವಿಷಯದಲ್ಲಿ ಉಪಯುಕ್ತ: ಪಿಎಚ್ ಮತ್ತು ಸತು. ಪಿಎಚ್ 6ಕ್ಕಿಂತ ಕೆಳಗಿದ್ದರೆ ಕ್ಯಾಡ್ಮಿಯಂ ಸಡಿಲವೆಂದು ತಿಳಿಯಬೇಕು. ಸತು ಮತ್ತು ಕ್ಯಾಡ್ಮಿಯಂ ರಾಸಾಯನಿಕವಾಗಿ ಒಂದೇ ಬಳಗದವು. ಸತು ಕಡಿಮೆಯಾದರೆ ಬೆಳೆ ಕ್ಯಾಡ್ಮಿಯಂ ಹೆಚ್ಚು ಹೀರುವ ಸಂಭವವಿದೆ. ಯರಿ ಮಣ್ಣಿನಲ್ಲಿ ಸತು ಕೊರತೆ ಸಾಮಾನ್ಯ. ಅಲ್ಲಿ ಸತುವಿನ ಸಲ್ಫೇಟ್ ಹಾಕುವುದು ಇಳುವರಿಗೂ ಒಳ್ಳೆಯದು, ಆದರೆ ಡಿಎಪಿ ಜೊತೆ ಬೆರೆಸಿ ಹಾಕಿದರೆ ಸತು ಕರಗದೆ ಉಳಿಯುತ್ತದೆ.

ಲೋಹ ಕಾಳಿಗಿಂತ ಎಲೆಯಲ್ಲಿ ಹೆಚ್ಚು ಸೇರುತ್ತದೆ. ಆದ್ದರಿಂದ ಪರೀಕ್ಷೆ ಶುರುಮಾಡುವುದಾದರೆ ಪೇಟೆಯ ಹೊಲಸು ನೀರಿನಲ್ಲಿ ಬೆಳೆವ ಪಾಲಕ್, ಮೆಂತ್ಯದಿಂದಲೇ ಶುರುಮಾಡಬೇಕು, ಆಮೇಲೆ ಭತ್ತ, ಶೇಂಗಾ, ಕೊನೆಗೆ ತೊಗರಿ, ಜೋಳ.