ಛತ್ತಿನ ಬಿಸಿ ಯಾರ ಲೆಕ್ಕಕ್ಕೆ?

ಮೇ ತಿಂಗಳಲ್ಲಿ ಯಾದಗಿರಿಯ ಆರ್‌ಸಿಸಿ ಮನೆಗಳು ಅತಿ ಹೆಚ್ಚು ಕಾಯುವುದು ನಡುಮಧ್ಯಾಹ್ನದಲ್ಲಲ್ಲ, ಸಂಜೆ. ಹೊತ್ತು ಮುಳುಗಿ ಹೊರಗಿನ ಗಾಳಿ ತುಸು ತಣಿದ ಮೇಲೂ ಒಳಗೆ ಫ್ಯಾನು ಬಿಸಿಗಾಳಿಯನ್ನೇ ಕೆಳಕ್ಕೆ ತಳ್ಳುತ್ತಿರುತ್ತದೆ. ಫ್ಯಾನಿನದು ತಪ್ಪಿಲ್ಲ. ಅದು ಮೈಮೇಲಿನ ಬೆವರು ಆರಿಸುವ ಯಂತ್ರವೇ ಹೊರತು ಗಾಳಿಯನ್ನು ತಂಪು ಮಾಡುವ ಯಂತ್ರವಲ್ಲ. ಕೋಣೆಗೆ ಬಿಸಿ ತುಂಬುತ್ತಿರುವುದು ಅದರ ಮೇಲಿರುವ ಛತ್ತು.

ಲೆಕ್ಕ ಹಾಕಿ ನೋಡೋಣ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ ಎಂದರೆ ಸುಮಾರು 11 ಚದರ ಮೀಟರ್ ಛತ್ತು. ಉರಿಬಿಸಿಲಿಗೆ ಬಿದ್ದ ಬೂದು ಕಾಂಕ್ರೀಟಿನ ಮೇಲ್ಮೈ 60 ಡಿಗ್ರಿ ಮುಟ್ಟುತ್ತದೆ, ಒಳಗೆ 35 ಇದೆ ಎಂದಿಟ್ಟುಕೊಳ್ಳಿ. ಈ 25 ಡಿಗ್ರಿಯ ವ್ಯತ್ಯಾಸಕ್ಕೆ ನಾಲ್ಕಿಂಚಿನ ಸ್ಲ್ಯಾಬಿನ ಮೂಲಕ ಇಳಿಯುವ ಶಾಖ 1,000 ವ್ಯಾಟ್ ದಾಟುತ್ತದೆ. ಇಡೀ ಮಧ್ಯಾಹ್ನ ತಲೆಯ ಮೇಲೆ ಒಂದು ಇಸ್ತ್ರಿ ಪೆಟ್ಟಿಗೆ ಉರಿಯುತ್ತಿದ್ದ ಹಾಗೆ. ಅದರ ಕೆಳಗೆ ಕೂತು ನಾವು ಇನ್ನೊಂದು ಫ್ಯಾನು ತರುವ ಮಾತಾಡುತ್ತೇವೆ.

ಸಂಜೆಯ ಧಗೆಗೆ ಕಾರಣ ಶಾಖ ಇಳಿಯಲು ಹಿಡಿಯುವ ಹೊತ್ತು. ನಾಲ್ಕಿಂಚು ಕಾಂಕ್ರೀಟನ್ನು ದಾಟಲು ಬಿಸಿಯ ಅಲೆಗೆ ಎರಡೂವರೆ, ಮೂರು ತಾಸು ಬೇಕು. ಮಧ್ಯಾಹ್ನ ಎರಡರ ಬಿಸಿಲು ಐದಕ್ಕೆ ಕೋಣೆಗೆ ಬರುತ್ತದೆ, ಬರುವಾಗ ಅದರ ಏರಿಳಿತದ ಅರ್ಧದಷ್ಟು ಇನ್ನೂ ಉಳಿದಿರುತ್ತದೆ. ಶಹಾಪುರದ ಬುದ್ಧ ಮಲಗಿದ ಬೆಟ್ಟದ ಬರಿಬಂಡೆಗಳನ್ನು ಮುಸ್ಸಂಜೆ ಮುಟ್ಟಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಹಾಬಾದಿ ಪರಸಿ ಹೊದಿಸಿದ ಛತ್ತಿನದೂ ಹೆಚ್ಚುಕಡಿಮೆ ಇದೇ ಕಥೆ. ತಗಡಿನ ಮನೆಯಲ್ಲಂತೂ ಶಾಖ ತಡೆದು ನಿಲ್ಲುವುದೇ ಇಲ್ಲ.

ಸುರಪುರ, ಶಹಾಪುರಗಳ ಹಳೆಯ ಓಣಿಗಳಲ್ಲಿ ಇನ್ನೂ ಕಾಣಸಿಗುವ ಮಣ್ಣಿನ ಮಾಳಿಗೆ ಇದೇ ಬಿಸಿಲಿಗೆ ಬೇರೆ ರೀತಿ ಉತ್ತರ ಕೊಡುತ್ತದೆ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಚಿಪ್ಪು ಅಥವಾ ಪರಸಿ, ಎಲ್ಲಕ್ಕೂ ಮೇಲೆ ಒಂದಡಿಯಷ್ಟು ಮಣ್ಣು. ಒಂದಡಿ ಮಣ್ಣನ್ನು ದಾಟಲು ಶಾಖಕ್ಕೆ ಸುಮಾರು ಹತ್ತು ತಾಸು ಬೇಕು. ಮಧ್ಯಾಹ್ನ ಹೊರಟದ್ದು ಒಳಗೆ ತಲುಪುವಷ್ಟರಲ್ಲಿ ನಡುರಾತ್ರಿ. ಅಷ್ಟರಲ್ಲಿ ಅದರ ಏರಿಳಿತ ಹತ್ತರಲ್ಲಿ ಒಂದು ಪಾಲಿಗೂ ಕಡಿಮೆಯಾಗಿರುತ್ತದೆ, ಮಾಳಿಗೆಯ ಮೇಲ್ಮೈ ಆಗಲೇ ತೆರೆದ ಆಕಾಶಕ್ಕೆ ತನ್ನ ಬಿಸಿ ಬಿಟ್ಟುಕೊಟ್ಟಿರುತ್ತದೆ. ಒಳಗೆ ಮೇಲೆದ್ದ ಬಿಸಿಗಾಳಿ ಬೆಳಕಿಂಡಿಯಿಂದ ಹೊರಹೋಗುತ್ತದೆ.

ಮೇಲಿನ ಪದರಕ್ಕೆ ಚೌಳು ಮಣ್ಣೇ ಯಾಕೆ ಬೇಕಿತ್ತು ಎಂಬುದೂ ಸೊಗಸಾದ ವಿಜ್ಞಾನ. ಚೌಳಿನಲ್ಲಿರುವ ಸೋಡಿಯಂ, ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿ ಹೆಂಟೆಯಾಗದಂತೆ ತಡೆಯುತ್ತದೆ. ಮೊದಲ ಮಳೆಗೆ ಆ ಕಣಗಳು ಬಿಡಿಬಿಡಿಯಾಗಿ ಸಂದುಗಳಿಗೆ ಇಳಿದು ಮುಚ್ಚಿಕೊಳ್ಳುತ್ತವೆ, ನೀರು ಮೇಲೆಯೇ ಹರಿದುಹೋಗುತ್ತದೆ. ಹೊಲದಲ್ಲಿ ಬೆಳೆ ಕೆಡಿಸುವ ಗುಣವೇ ಇಲ್ಲಿ ಮನೆ ಕಾಯುತ್ತದೆ.

ಹಾಗೆಂದು ಮಣ್ಣಿನ ಮಾಳಿಗೆಗೆ ಮರಳಿ ಎಂದು ನಾನು ಹೇಳುವುದಿಲ್ಲ. ಒಂದಡಿ ಮಣ್ಣು ಎಂದರೆ ಚದರ ಮೀಟರಿಗೆ ಅರ್ಧ ಟನ್ ತೂಕ. ವರ್ಷಾವರ್ಷ ಹೊಸ ಮಣ್ಣು ಹೊರಬೇಕು. ಮಳೆ ಹಿಡಿದರೆ ಗೋಡೆ ನೆನೆದು ಮಾಳಿಗೆ ಮಲಗಿದವರ ಮೇಲೆ ಕುಸಿಯುವ ಭಯ ಬೇರೆ. ಬೇಕಿರುವುದು ಮಣ್ಣು ಮಾಡುತ್ತಿದ್ದ ಕೆಲಸ.

ಆ ಕೆಲಸಕ್ಕೆ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೊ ಒಂದು ಅಳತೆ ಕೊಟ್ಟಿದೆ. 2018ರ ಡಿಸೆಂಬರಿನಲ್ಲಿ ಬಂದ ವಸತಿ ಕಟ್ಟಡಗಳ ಸಂಹಿತೆ ‘ಇಕೋ ನಿವಾಸ್’ ಪ್ರಕಾರ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಛತ್ತಿನ ಪ್ರತಿ ಚದರ ಮೀಟರಿನಿಂದ 1.2 ವ್ಯಾಟಿಗಿಂತ ಹೆಚ್ಚು ಶಾಖ ದಾಟಕೂಡದು. ನಮ್ಮ ಬರಿ ಸ್ಲ್ಯಾಬು ಮೂರೂವರೆ ವ್ಯಾಟ್ ದಾಟಿಸುತ್ತದೆ. ನಿಯಮ ಪಾಲಿಸಿದ್ದರೆ ಮೇಲೆ ಹೇಳಿದ ಕೋಣೆಗೆ ಇಳಿಯುವ ಶಾಖ ಸುಮಾರು 350 ವ್ಯಾಟಿಗೆ ಬರುತ್ತಿತ್ತು.

ಆದರೆ ಈ ಸಂಹಿತೆ ಅನ್ವಯಿಸುವುದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ಮೂವತ್ತು ನಲವತ್ತರ ಸೈಟು 111 ಚದರ ಮೀಟರ್. ಅಂದರೆ ಬಿಸಿಲಿಗೆ ಅತಿ ಹೆಚ್ಚು ಬೇಯುವ ಮನೆಗಳೇ ನಿಯಮದ ಹೊರಗೆ. ಗುರುಮಠಕಲ್ ದಾಟಿದರೆ ಸಿಗುವ ತೆಲಂಗಾಣ 2023ರಲ್ಲಿ ತಂಪು ಛತ್ತಿನ ನೀತಿ ತಂದಿತು. ಅಲ್ಲೂ ಮನೆಗಳಿಗೆ ಕಡ್ಡಾಯವಾದದ್ದು 600 ಚದರ ಗಜದಿಂದ ಮೇಲೆ, ಸಣ್ಣವರಿಗೆ ಐಚ್ಛಿಕ. ಗೋಡೆ, ಕಿಟಕಿಗಳ ಲೆಕ್ಕಾಚಾರವನ್ನು ದೊಡ್ಡ ಕಟ್ಟಡಗಳಿಗೇ ಬಿಡಲಿ; ಛತ್ತಿನ ಒಂದು ನಿಯಮವನ್ನಾದರೂ ಎಲ್ಲ ಹೊಸ ಮನೆಗಳ ನಕ್ಷೆ ಮಂಜೂರಾತಿಗೆ ಸೇರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಾಡಿಗೆ ಮನೆಯಲ್ಲಿ ಗಂಟು ಇನ್ನೂ ಬಿಗಿ. ಛತ್ತು ಮಾಲೀಕರದು, ಜೆಸ್ಕಾಂ ಬಿಲ್ಲು ಬಾಡಿಗೆದಾರರದು. ಖರ್ಚು ಒಬ್ಬರಿಗೆ, ಲಾಭ ಇನ್ನೊಬ್ಬರಿಗೆ ಎಂದಾಗ ಯಾರೂ ಕೈ ಹಾಕುವುದಿಲ್ಲ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 2018ರ ಏಪ್ರಿಲ್‌ನಿಂದ ಇಂಧನ ದರ್ಜೆ ‘ಇ’ಗಿಂತ ಕೆಳಗಿರುವ ಮನೆಯನ್ನು, ವಿನಾಯಿತಿ ಪಡೆದವನ್ನು ಬಿಟ್ಟರೆ, ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. ಅಲ್ಲಿಯ ಚಿಂತೆ ಚಳಿ, ನಮ್ಮದು ಬಿಸಿಲು. ಹೊಣೆ ಮಾಲೀಕರ ಮೇಲಿರಬೇಕೆಂಬ ತರ್ಕ ಮಾತ್ರ ಎರಡೂ ಕಡೆ ಒಂದೇ. ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ ನಿಜ. ಆದರೆ ತಿಂಗಳ ಬಳಕೆ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಒಂದೂವರೆ ಟನ್ನಿನ ಎಸಿ ರಾತ್ರಿ ಆರು ತಾಸು ಓಡಿದರೆ ಅದೊಂದೇ ಆ ಗಡಿ ಮುಟ್ಟಿಸಬಹುದು. ಕೂಲರ್ ಇಟ್ಟವರು ನೀರಿನಲ್ಲಿ ಬೆಲೆ ತೆರುತ್ತಾರೆ: 1,000 ವ್ಯಾಟ್ ಶಾಖವನ್ನು ಹೀರಲು ತಾಸಿಗೆ ಒಂದೂವರೆ ಲೀಟರ್ ಆವಿಯಾಗಬೇಕು, ಅದೂ ಕೊಡ ನೀರಿಗೆ ಕಾಯುವ ದಿನಗಳಲ್ಲಿ.

ಕಡಿಮೆ ಖರ್ಚಿನ ಮೊದಲ ಮದ್ದು ಬಿಳಿ ಬಣ್ಣ. ಬೂದು ಕಾಂಕ್ರೀಟು ಬಿಸಿಲಿನ ಮೂರರಲ್ಲಿ ಎರಡು ಪಾಲು ನುಂಗುತ್ತದೆ. ಹೊಸ ಸುಣ್ಣ ಮುಕ್ಕಾಲು ಪಾಲಿನಷ್ಟು ತಿರುಗಿ ಕಳಿಸುತ್ತದೆ. ಧೂಳು ಕೂತು ಮಾಸುವುದರಿಂದ ಪ್ರತಿ ಬೇಸಿಗೆಗೆ ಮುಂಚೆ ಮತ್ತೆ ಬಳಿಯಬೇಕು. ಹೊಸ ಮನೆ ಕಟ್ಟುವವರು ಸ್ಲ್ಯಾಬಿನ ಮೇಲೆ ಎಕ್ಸ್‌ಪಿಎಸ್ ಎಂಬ ಶಾಖ ತಡೆಯುವ ಫೋಮಿನ ಎರಡಿಂಚಿನ ಹಲಗೆ ಹಾಸಿ, ಅದರ ಮೇಲೆ ಗಿಲಾವು ಮಾಡಿ ಬಿಳಿ ಟೈಲ್ಸ್ ಹಾಕಿಸಿದರೆ ಶಾಖದ ದಾಟು 0.6 ವ್ಯಾಟಿಗೆ ಇಳಿಯುತ್ತದೆ, ಸಂಹಿತೆಯ ಮಿತಿಯ ಅರ್ಧ. ಪದರ ಇರಬೇಕಾದದ್ದು ಸ್ಲ್ಯಾಬಿನ ಮೇಲೆ. ಕೆಳಗೆ ಹಾಕಿದರೆ ಸ್ಲ್ಯಾಬು ದಿನವೂ ಕಾದು ಹಿಗ್ಗಿ, ತಣಿದು ಕುಗ್ಗಿ ಬಿರುಕು ಬಿಡುತ್ತದೆ, ಮಳೆಗಾಲಕ್ಕೆ ಸೋರುತ್ತದೆ.

ಬಾಡಿಗೆದಾರರು ಕಾನೂನಿಗೆ ಕಾಯಬೇಕಿಲ್ಲ. ಹನ್ನೊಂದು ತಿಂಗಳ ಕರಾರನ್ನು ಹೊಸದಾಗಿ ಬರೆಸುವಾಗ, ಯುಗಾದಿಗೆ ಮೊದಲು ಛತ್ತಿಗೆ ಎರಡು ಕೈ ಸುಣ್ಣ ಬಳಿಸುವುದು ಮಾಲೀಕರ ಹೊಣೆ ಎಂಬ ಒಂದು ಸಾಲನ್ನು ಸೇರಿಸಲು ಕೇಳಿ. ಒಪ್ಪದಿದ್ದರೆ ಸುಣ್ಣದ ಖರ್ಚನ್ನು ಆ ತಿಂಗಳ ಬಾಡಿಗೆಯಲ್ಲಿ ಮುರಿದುಕೊಳ್ಳುವ ಮಾತಾಡಿ.